ಶಹನಾಯಿ ಅಲ್ರೀ, ಸ್ಯಾಕ್ಸೋಫೋನ್

ಸಿಂಧನೂರಿಂದ ಲಿಂಗಸುಗೂರಿಗೆ ಹೊರಟಿದ್ದೆ. ಮಸ್ಕಿ ದಾಟಿದ ಮೇಲೆ ಮೊಬೈಲಿನಲ್ಲಿ ಕದ್ರಿ ಗೋಪಾಲನಾಥರನ್ನು ಹಚ್ಚಿದೆ. ‘ಶಹನಾಯಿ ಏನ್ರೀ?’ ಅಂದ್ರು ಪಕ್ಕದ ಹಿರಿಯರು. ‘ಅಲ್ರೀ ಅಜ್ಜಾರ, ಸ್ಯಾಕ್ಸೋಫೋನ್. ಬ್ಯಾಂಡಿನವ್ರು ಊದ್ತಾರಲ್ಲ, ಅದು.’ ಅವರು ನಂಬಲಿಲ್ಲ.

ಹೇಗೆ ನಂಬ್ತಾರೆ? 1949ರಲ್ಲಿ ಬಂಟ್ವಾಳದ ಕಡೆ ಹುಟ್ಟಿದ ಗೋಪಾಲನಾಥರು ನಾಗಸ್ವರದವರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಆದರೆ ಕೀ ಒತ್ತಿ ನುಡಿಸುವ ವಾದ್ಯದಲ್ಲಿ ಸ್ವರ ಜಾರಿಸುವ ಗಮಕ ಬರೋದು ಹೇಗೆ? ವಾದ್ಯವನ್ನೇ ತಿದ್ದಿಸಿ, ವರ್ಷಗಟ್ಟಲೆ ಉಸಿರು ಪಳಗಿಸಿ ತಂದರು. 1980ರ ಮುಂಬೈ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರ ಜೊತೆ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಂತಪ್ಪ ಜೊತೆ ‘ಕಿನ್ಸ್‌ಮೆನ್’ ಬಂತು. ಜಾಜ್‌ನವರ ನಡುವೆ ನಿಂತೂ ರಾಗ ಬಿಡಲಿಲ್ಲ. 2019ರಲ್ಲಿ ತೀರಿಕೊಂಡರು.

ಲಿಂಗಸುಗೂರು ಬಂತು. ಎದ್ದೆ. ‘ತಡೀರಿ, ಮುಗೀಲಿ’ ಅಂದ್ರು ಅಜ್ಜಾರು.