ಮತ್ತೆ ಅದೇ ಕಂಪನಿಯ ಕಾರೇ?

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿದ್ದ ಆ ಕಪ್ಪು-ಹಳದಿ ಗಾಡಿಗೆ ಇಪ್ಪತ್ತು ವರ್ಷ ತುಂಬಿತ್ತು. ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಸ್ಸು ಅಷ್ಟೇ. ಪತ್ರಿಕೆಗಳು ಪದ್ಮಿನಿಗೆ ವಿದಾಯ ಹೇಳಿದವು. ಆದರೆ ಊರಿನ ಜನ ಅದನ್ನು ಪದ್ಮಿನಿ ಎಂದು ಕರೆದದ್ದೇ ಕಡಿಮೆ. ಅವರ ಬಾಯಲ್ಲಿ ಅದು ಕೊನೆಯವರೆಗೂ ‘ಫಿಯಟ್’. ಇಟಲಿಯ ಆ ಕಂಪನಿಯ ಹೆಸರು ಕಾರಿನ ಮೈಯಿಂದ ಕಳಚಿ ಬಿದ್ದು ಅರ್ಧ ಶತಮಾನವೇ ಆಗಿತ್ತು.

ಹೆಸರಿನ ಮೇಲೆ ಜನ ಇಡುವ ನಂಬಿಕೆ ಇಷ್ಟು ದೀರ್ಘಾಯುಷಿ. ಹಳೆಯ ಕಾರು ಕೊಟ್ಟು ಹೊಸದು ತರುವ ಮಾತು ಬಂದಾಗ ಮನೆಮನೆಯಲ್ಲೂ ಮೊದಲು ಏಳುವ ಪ್ರಶ್ನೆಯ ಬೇರು ಇಲ್ಲೇ ಇದೆ: ಅದೇ ಕಂಪನಿಯದ್ದು ತರೋಣವೇ, ಬೇರೆ ನೋಡೋಣವೇ? ಹತ್ತು-ಹನ್ನೆರಡು ವರ್ಷಕ್ಕೊಮ್ಮೆ, ಮನೆಯನ್ನು ಬಿಟ್ಟರೆ ಅತಿ ದೊಡ್ಡ ಖರ್ಚು ಮಾಡುವ ಹೊತ್ತಿನಲ್ಲಿ ಏಳುವ ಪ್ರಶ್ನೆ ಇದು. ಇದಕ್ಕೆ ನಮ್ಮ ದೇಶದಲ್ಲಿ ಎಪ್ಪತ್ತು ವರ್ಷಗಳ ಚರಿತ್ರೆ ಇದೆ.

ಆ ಚರಿತ್ರೆ ಒಂದು ನಿರ್ಗಮನದಿಂದ ಶುರುವಾಗುತ್ತದೆ. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯಲ್ಲಿ ಷೆವರ್ಲೆ ಕಾರುಗಳನ್ನು ಜೋಡಿಸತೊಡಗಿತ್ತು. ಫೋರ್ಡ್ ಕೂಡ ಇಲ್ಲಿ ನೆಲೆಯೂರಿತ್ತು. ಸ್ವಾತಂತ್ರ್ಯಾನಂತರ ಸರ್ಕಾರ ಹೊಸ ನಿಯಮ ತಂದಿತು: ಹೊರಗಿನಿಂದ ಬಿಡಿಭಾಗ ತರಿಸಿ ಜೋಡಿಸಿದರೆ ಸಾಲದು, ಕಾರನ್ನು ಇಲ್ಲೇ ತಯಾರಿಸಬೇಕು, ಅದಕ್ಕೆ ಸಿದ್ಧರಿಲ್ಲದವರು ಹೊರಡಬೇಕು. 1954ರ ಹೊತ್ತಿಗೆ ಅಮೆರಿಕದ ಎರಡೂ ದೈತ್ಯ ಕಂಪನಿಗಳು ಬಾಗಿಲು ಮುಚ್ಚಿದವು. ಷೆವರ್ಲೆಯನ್ನು, ಫೋರ್ಡನ್ನು ನೆಚ್ಚಿಕೊಂಡಿದ್ದವರಿಗೆ ಅದೇ ಕಂಪನಿಯ ಇನ್ನೊಂದು ಕಾರು ಕೊಳ್ಳುವ ದಾರಿಯೇ ಉಳಿಯಲಿಲ್ಲ.

ಉಳಿದದ್ದು ಮುಖ್ಯವಾಗಿ ಮೂರು ಹೆಸರು. ಕಲ್ಕತ್ತದ ಹತ್ತಿರದ ಉತ್ತರಪಾಡಾದಲ್ಲಿ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡನ್ನು ಅಂಬಾಸಿಡರ್ ಮಾಡಿತು. ಮುಂಬಯಿಯ ಕುರ್ಲಾದಲ್ಲಿ ವಾಲಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಫಿಯಟ್ 1100 ತಯಾರಿಸಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1961ರಿಂದ ಹೆರಾಲ್ಡ್ ಹೊರತಂದಿತು. ಕಲ್ಕತ್ತದ ಟ್ಯಾಕ್ಸಿ ಎಂದರೆ ಅಂಬಾಸಿಡರ್, ಮುಂಬಯಿಯ ಟ್ಯಾಕ್ಸಿ ಎಂದರೆ ಫಿಯಟ್ ಎಂದಾಯಿತು. ‘ನಮ್ಮದು ಫಿಯಟ್ ಮನೆ’, ‘ಅಂಬಾಸಿಡರ್ ಬಿಟ್ಟರೆ ಬೇರೆ ಬೇಡ’ ಎಂಬಂಥ ಮಾತು ಹುಟ್ಟಿದ್ದು ಆಗಲೇ.

ಆದರೆ ಆ ಕಾಲದಲ್ಲಿ ಆಯ್ಕೆ ಎಂಬುದು ಎಷ್ಟಿತ್ತು? ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1959ರ ಸರ್ಕಾರಿ ಆದೇಶವೊಂದರ ಪ್ರಕಾರ, ಹೊಸ ಕಾರು ಪಡೆದವರು ಅನುಮತಿಯಿಲ್ಲದೆ ಎರಡು ವರ್ಷ ಅದನ್ನು ಮಾರುವಂತಿರಲಿಲ್ಲ. ಹೊಸ ಕಾರಿಗಿಂತ ಕೈಗೆ ಸಿಗುವ ಹಳೆಯ ಕಾರಿಗೇ ಹೆಚ್ಚು ಬೆಲೆ ಬರುತ್ತಿದ್ದ ದಿನಗಳವು. ಕಾರಿನ ಬೆಲೆಯನ್ನೂ 1969ರಿಂದ ಸರ್ಕಾರವೇ ಆದೇಶ ಹೊರಡಿಸಿ ನಿಗದಿ ಮಾಡಿತು. ಆ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಹೀಗೆ ಕಾದು ಪಡೆದ ಗಾಡಿಯನ್ನು ಯಾರು ಸುಲಭಕ್ಕೆ ಬಿಟ್ಟುಕೊಟ್ಟಾರು? ಅದನ್ನೇ ಮೂವತ್ತು ವರ್ಷ ಓಡಿಸಿದರು, ಮಗನಿಗೆ ಕೊಟ್ಟರು.

ಆ ಬಾಂಧವ್ಯ ಇದ್ದದ್ದು ಹೆಸರಿನ ಜೊತೆಗಾದರೂ, ಅದನ್ನು ಉಳಿಸಿದ್ದು ಬೇರೆಯವರು. ಕುರ್ಲಾದ ಸಿಎಸ್‌ಟಿ ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಕಲ್ಕತ್ತದ ಮಲ್ಲಿಕ್ ಬಜಾರ್, ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲೆಲ್ಲ ಹಳೆಯದೋ ಹೊಸದೋ ಬಿಡಿಭಾಗ ಸಿಗುತ್ತಿತ್ತು. ಅದನ್ನು ಕೂಡಿಸಲು ಬೀದಿಗೊಬ್ಬ ಮೆಕ್ಯಾನಿಕ್ ಇದ್ದ. ಅಂಬಾಸಿಡರ್ ಎಲ್ಲಿ ಕೆಟ್ಟು ನಿಂತರೂ ಅಲ್ಲೇ ರಿಪೇರಿಯಾಗುತ್ತದೆ ಎಂಬ ಹೊಗಳಿಕೆಯಲ್ಲಿ, ಅದು ಆಗಾಗ ಕೆಟ್ಟು ನಿಲ್ಲುತ್ತದೆ ಎಂಬ ಒಪ್ಪಿಗೆಯೂ ಅಡಗಿತ್ತು.

ನಿಜವಾದ ಆಯ್ಕೆ ಬಂದಾಗ ಈ ನಿಷ್ಠೆ ಎಷ್ಟು ದಿನ ನಿಂತಿತು? 1983ರಲ್ಲಿ ಮಾರುತಿ ಉದ್ಯೋಗ್ ಬುಕಿಂಗ್ ತೆರೆದಾಗ, ರಸ್ತೆಗಿಳಿಯದ ಕಾರಿಗೆ ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿದರು. ಆ ವರ್ಷದ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಕೊಟ್ಟದ್ದು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ. ಇಂಡಿಯನ್ ಏರ್‌ಲೈನ್ಸ್ ನೌಕರರಾಗಿದ್ದ ಅವರು ಈ ಕಾರಿಗಾಗಿ ತಮ್ಮ ಫಿಯಟ್ ಮಾರಿದ್ದರು. ಆಮೇಲೆ 2010ರಲ್ಲಿ ತೀರಿಕೊಳ್ಳುವವರೆಗೂ ಆ ಮಾರುತಿಯನ್ನು ಬಿಡಲಿಲ್ಲ. ಒಂದು ಹೆಸರನ್ನು ತೊರೆದವರೇ ಇನ್ನೊಂದಕ್ಕೆ ಜೀವಮಾನವಿಡೀ ಅಂಟಿಕೊಂಡರು. ಅವರ ಕತೆಯಲ್ಲಿ ಒಂದು ತಲೆಮಾರಿನ ಮಧ್ಯಮ ವರ್ಗದ ಕತೆಯೇ ಇದೆ.

1990ರ ದಶಕದ ನಡುವಿನ ಹೊತ್ತಿಗೆ ದೇಶದಲ್ಲಿ ಮಾರಾಟವಾಗುತ್ತಿದ್ದ ಹತ್ತು ಕಾರುಗಳಲ್ಲಿ ಏಳೆಂಟು ಮಾರುತಿಯವೇ. ಇಂಧನ ಕಡಿಮೆ ಕುಡಿಯುತ್ತಿತ್ತು, ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಸಣ್ಣ ಊರುಗಳಲ್ಲೂ ಸರ್ವಿಸ್ ಸಿಗುತ್ತಿತ್ತು, ಮಾರುವಾಗ ಒಳ್ಳೆಯ ಬೆಲೆ ಬರುತ್ತಿತ್ತು. ಹಿಂದೆ ಬೀದಿಯ ಮೆಕ್ಯಾನಿಕ್ ಕೊಡುತ್ತಿದ್ದ ಧೈರ್ಯವನ್ನು ಈಗ ಕಂಪನಿಯೇ ಕೊಡತೊಡಗಿತು.

1993ರಲ್ಲಿ ಕಾರು ಉದ್ಯಮಕ್ಕೆ ಲೈಸೆನ್ಸ್ ಕಟ್ಟುಪಾಡು ತೆಗೆದ ಮೇಲೆ ಹೊಸಬರು ಸಾಲುಗಟ್ಟಿ ಬಂದರು. ಪ್ರೀಮಿಯರ್ ಕಂಪನಿ ಫ್ರಾನ್ಸಿನ ಪ್ಯೂಜೊ ಜೊತೆ ಸೇರಿ 309 ಎಂಬ ಕಾರು ತಂದಿತು. ಕೆಲವೇ ವರ್ಷಗಳಲ್ಲಿ ಸಂಬಂಧ ಮುರಿಯಿತು. 1998ರಲ್ಲಿ ಕೊರಿಯಾದ ಎರಡು ಕಂಪನಿಗಳು ಸಣ್ಣ ಕಾರು ಇಳಿಸಿದವು: ಹುಂಡೈ ಸ್ಯಾಂಟ್ರೊ, ಡೇವೂ ಮಟೀಜ್. ಹುಂಡೈ ಹೆಸರೇ ಜನಕ್ಕೆ ಹೊಸದು. ಅದರ ಆರಂಭದ ಜಾಹೀರಾತಿನಲ್ಲಿ ಶಾರುಖ್ ಖಾನ್, ಕೊಳ್ಳುವವರ ಅನುಮಾನಗಳನ್ನೇ ಕಂಪನಿಯ ಮುಂದೆ ಇಡುತ್ತಿದ್ದರು. ಚೆನ್ನೈ ಬಳಿ ಕಾರ್ಖಾನೆ ಹಾಕಿದ ಆ ಕಂಪನಿ ನೆಲೆನಿಂತಿತು. ಮಟೀಜ್‌ನ ಅಂದ ಮೆಚ್ಚಿ ಕೊಂಡವರಿಗೆ ಆ ಭಾಗ್ಯವಿರಲಿಲ್ಲ. ಕೊರಿಯಾದಲ್ಲಿ ಡೇವೂ ಸಾಲದಲ್ಲಿ ಮುಳುಗಿತು, ಇಲ್ಲಿನ ಕಾರ್ಖಾನೆ ನಿಂತಿತು. ಆಮೇಲೆ ಡೇವೂದ ಕಾರು ವಿಭಾಗವನ್ನು ಕೊಂಡ ಜನರಲ್ ಮೋಟರ್ಸ್, ಮಟೀಜ್‌ನ ತಂಗಿಯಂತಿದ್ದ ಷೆವರ್ಲೆ ಸ್ಪಾರ್ಕನ್ನು 2007ರಲ್ಲಿ ತಂದಿತು. ಹಳೆಯ ಒಲವಿನಿಂದ ಅದನ್ನು ಕೊಂಡವರು ಹತ್ತು ವರ್ಷ ಕಳೆಯುವುದರೊಳಗೆ ಇನ್ನೊಂದು ವಿದಾಯ ನೋಡಬೇಕಾಯಿತು: 2017ರಲ್ಲಿ ಜನರಲ್ ಮೋಟರ್ಸ್ ಭಾರತದಲ್ಲಿ ಮಾರಾಟ ನಿಲ್ಲಿಸಿತು. ನಾಲ್ಕು ವರ್ಷದ ಬಳಿಕ, ಚೆನ್ನೈ ಹತ್ತಿರದ ಮರೈಮಲೈ ನಗರದಲ್ಲೂ ಗುಜರಾತಿನ ಸಾನಂದ್‌ನಲ್ಲೂ ಕಾರ್ಖಾನೆಯಿದ್ದ ಫೋರ್ಡ್ ಕೂಡ ಇಲ್ಲಿ ಕಾರು ತಯಾರಿಸುವುದಿಲ್ಲ ಎಂದು ಸಾರಿತು. 1954ರಲ್ಲಿ ಹೋದವರೇ ಮತ್ತೆ ಬಂದು, ಮತ್ತೆ ಹೋದರು.

ಉಳಿದ ಕಂಪನಿ ಕೂಡ ಕೊಳ್ಳುವವನ ಇಷ್ಟವನ್ನೇ ಕಾಯುತ್ತದೆ ಎನ್ನುವಂತಿಲ್ಲ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 2000ದಲ್ಲಿ ಕ್ವಾಲಿಸ್ ಹೊರತಂದಿತು. ದೊಡ್ಡ ಕುಟುಂಬಗಳು, ಟ್ಯಾಕ್ಸಿಯವರು, ಐಟಿ ಕಂಪನಿಗಳ ನೌಕರರನ್ನು ಕರೆದೊಯ್ಯುವವರು, ಎಲ್ಲರೂ ಅದನ್ನು ನೆಚ್ಚಿಕೊಂಡರು. ಚೆನ್ನಾಗಿ ಓಡುತ್ತಿದ್ದ ಆ ಗಾಡಿಯನ್ನು ಕಂಪನಿ 2005ರಲ್ಲಿ ನಿಲ್ಲಿಸಿ ಇನ್ನೋವಾ ತಂದಿತು. ಕ್ವಾಲಿಸ್ ಪ್ರೇಮಿಗಳಿಗೆ ಬೇಸರವಾಯಿತು. ಆದರೂ ಬಹಳ ಮಂದಿ ಇನ್ನೋವಾ ಕಡೆಗೇ ತಿರುಗಿದರು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ಕೈಕೊಡದ ಗಾಡಿ, ಕರೆದರೆ ಸಿಗುವ ಸರ್ವಿಸ್, ಇವೆರಡೂ ಉಳಿದಿದ್ದವು. ಮಾಡೆಲ್ ಬದಲಾದರೂ ನಂಬಿಕೆಗೆ ಕಾರಣವಾದದ್ದು ಬದಲಾಗಿರಲಿಲ್ಲ.

ಹೆಸರಷ್ಟೇ ಉಳಿದು ಕಾರಣಗಳು ಹೋದರೆ ಏನಾಗುತ್ತದೆ ಎಂಬುದಕ್ಕೆ ಅಂಬಾಸಿಡರ್ ಸಾಕ್ಷಿ. 1992ರ ಸುಮಾರಿಗೆ ಅದಕ್ಕೆ ಇಸುಜು ಇಂಜಿನ್ ಬಂತು, ಮೈಕಟ್ಟು ಮಾತ್ರ ಹಳೆಯದೇ. ಕೊನೆಯ ವರ್ಷಗಳಲ್ಲಿ ಅದನ್ನು ಹೆಚ್ಚಾಗಿ ಉಳಿಸಿಕೊಂಡಿದ್ದು ಸರ್ಕಾರಿ ಕಚೇರಿ ಮತ್ತು ಟ್ಯಾಕ್ಸಿ. 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೇ ಪ್ಯೂಜೊಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಅಜ್ಜನ ಕಾಲದಿಂದ ಜನ ನಿಷ್ಠೆ ತೋರಿದ ಹೆಸರು, ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಮಾರಬಹುದಾದ ಆಸ್ತಿಯಾಗಿತ್ತು.

ಈ ಎಪ್ಪತ್ತು ವರ್ಷಗಳಲ್ಲಿ ಕೊಳ್ಳುವವರು ಬಿಟ್ಟು ಹೋದ ಕಂಪನಿಗಳು ಎಷ್ಟೋ, ಕೊಳ್ಳುವವರನ್ನು ಬಿಟ್ಟು ಹೋದ ಕಂಪನಿಗಳೂ ಅಷ್ಟೇ. ಹಾಗೆಂದು ಜನರ ನಂಬಿಕೆ ಕುರುಡಾಗಿತ್ತು ಎನ್ನಲಾಗದು. ಬಿಡಿಭಾಗ, ಮೆಕ್ಯಾನಿಕ್, ಮಾರುವಾಗಿನ ಬೆಲೆ, ಈ ಮೂರು ಎಲ್ಲಿದ್ದವೋ ಅಲ್ಲಿ ಅವರು ನಿಂತರು. ಅವು ಇನ್ನೊಂದು ಕಡೆ ಹೆಚ್ಚು ಸಿಕ್ಕಾಗ ಫಿಯಟ್ ಮಾರಿ ಮಾರುತಿ ಕೊಂಡರು. ಹಳೆಯ ಕಂಪನಿಯ ಷೋರೂಮಿಗೆ ಮತ್ತೆ ಕಾಲಿಡುವ ಮುನ್ನ ಕೇಳಬೇಕಾದ ಪ್ರಶ್ನೆಯನ್ನು ಈ ಚರಿತ್ರೆಯೇ ಕೊಡುತ್ತದೆ: ಹತ್ತು ವರ್ಷದ ಹಿಂದೆ ಈ ಕಂಪನಿಯನ್ನು ನಂಬಿದ್ದು ಯಾವ ಕಾರಣಕ್ಕೆ, ಆ ಕಾರಣ ಇಂದಿಗೂ ಇದೆಯೇ? ಇದ್ದರೆ ಬದಲಿಸುವ ತುರ್ತು ಏನಿಲ್ಲ. ಇಲ್ಲವಾದರೆ ಹೆಸರಿಗಾಗಿ ಋಣ ತೀರಿಸಬೇಕಾದ್ದೂ ಇಲ್ಲ. ಕುರ್ಲಾದ ಪ್ರೀಮಿಯರ್ ಕಾರ್ಖಾನೆ ನಿಂತ ಮೇಲೂ ಇಪ್ಪತ್ತು ವರ್ಷ ಪದ್ಮಿನಿಗಳನ್ನು ಓಡಿಸಿದ್ದು ಕಂಪನಿಯಲ್ಲ; ಮುಂಬಯಿಯ ಟ್ಯಾಕ್ಸಿ ಚಾಲಕರು ಮತ್ತು ಅವರ ಮೆಕ್ಯಾನಿಕ್‌ಗಳು.