ಹ್ಯಾರಿ ಓನೀಲನ ಕ್ರೀಡಾವೃತ್ತಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಆಟದಲ್ಲಿ ಅತ್ಯುನ್ನತ ಶ್ರೇಣಿಯಾದ ಮೇಜರ್ ಲೀಗಿನ ಆಟಗಾರರಲ್ಲಿ 500ಕ್ಕೂ ಹೆಚ್ಚು ಮಂದಿ ದ್ವಿತೀಯ ಮಹಾಯುದ್ಧದಲ್ಲಿ ಸೇನೆಯನ್ನು ಸೇರಿದ್ದರು. ಅವರಲ್ಲಿ ಯುದ್ಧದಲ್ಲಿ ಮಡಿದವರು ಇಬ್ಬರೇ. ಒಬ್ಬನು 1944ರ ಏಪ್ರಿಲ್ 20ರಂದು ಫ್ರಾನ್ಸಿನಲ್ಲಿ ವಿಮಾನ ಪತನದಿಂದ ಮೃತನಾದ ಎಲ್ಮರ್ ಗೆಡಿಯನ್. ಮತ್ತೊಬ್ಬನು ಹ್ಯಾರಿ ಓನೀಲ್. ಯುದ್ಧವು ಓನೀಲನ ಕ್ರೀಡಾವೃತ್ತಿಯನ್ನು ಮೊಳಕೆಯಲ್ಲಿಯೇ ಚಿವುಟಿತೆಂದು ಭಾವಿಸುವುದು ಸಹಜ; ಆದರೆ ಕಾಲಾನುಕ್ರಮವು ಇದನ್ನು ಸಮರ್ಥಿಸುವುದಿಲ್ಲ.

ಓನೀಲನು 1917ರ ಮೇ 8ರಂದು ಫಿಲಡೆಲ್ಫಿಯಾದಲ್ಲಿ ಜನಿಸಿದನು. ಗೆಟಿಸ್‌ಬರ್ಗ್ ಕಾಲೇಜಿನಲ್ಲಿ ಮೂರು ಆಟಗಳಲ್ಲಿ ಹೆಸರು ಪಡೆದು, 1939ರಲ್ಲಿ ಪದವೀಧರನಾಗಿ, ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡಕ್ಕೆ ಕ್ಯಾಚರನಾಗಿ ಸೇರಿದನು. ದಾಂಡಿಗನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡನ್ನು ಹಿಡಿಯುವುದೂ, ಎಸೆಯಬೇಕಾದ ಚೆಂಡಿನ ಬಗೆಯನ್ನು ಬೆರಳ ಸನ್ನೆಯಿಂದ ಸೂಚಿಸುವುದೂ ಕ್ಯಾಚರನ ಕಾರ್ಯ. ಕ್ರಿಕೆಟ್ಟಿನ ವಿಕೆಟ್ ಕೀಪರನನ್ನು ಕೆಲಮಟ್ಟಿಗೆ ಹೋಲುವ ಈ ಸ್ಥಾನದಲ್ಲಿ ಶ್ರಮವು ಅಧಿಕ.

1939ರ ಜುಲೈ 23ರಂದು ಡೆಟ್ರಾಯಿಟ್ ನಗರದಲ್ಲಿ ಅಥ್ಲೆಟಿಕ್ಸ್ ತಂಡವು 16–3ರಿಂದ ಸೋಲುತ್ತಿದ್ದ ಪಂದ್ಯದ ಎಂಟನೆಯ ಸರದಿಯಲ್ಲಿ, ಫ್ರ್ಯಾಂಕಿ ಹೇಯ್ಸನ ಸ್ಥಾನಕ್ಕೆ ಓನೀಲನನ್ನು ಕಳುಹಿಸಲಾಯಿತು. ದಾಂಡು ಹಿಡಿಯುವ ಅವಕಾಶ ಒದಗುವ ಮೊದಲೇ ಪಂದ್ಯವು ಮುಗಿಯಿತು. ಮೇಜರ್ ಲೀಗಿನಲ್ಲಿ ಅವನು ಆಡಿದುದು ಇದೊಂದೇ. 1940ರಲ್ಲಿ ಪೆನ್ಸಿಲ್ವೇನಿಯಾದ ಕೆಳಶ್ರೇಣಿಯ ತಂಡಗಳಲ್ಲಿ ಕೆಲವು ಪಂದ್ಯಗಳನ್ನಾಡಿದನು. ಅಲ್ಲಿಗೆ ಅವನ ವೃತ್ತಿಜೀವನವು ಮುಗಿಯಿತು. ಅಪ್ಪರ್ ಡಾರ್ಬಿಯ ಶಾಲೆಯೊಂದರಲ್ಲಿ ಇತಿಹಾಸವನ್ನು ಬೋಧಿಸಿ, ಮಕ್ಕಳಿಗೆ ಆಟಗಳನ್ನೂ ಕಲಿಸಿದನು. ಅಮೆರಿಕವು ಯುದ್ಧವನ್ನು ಪ್ರವೇಶಿಸಿದುದಾದರೋ 1941ರ ಡಿಸೆಂಬರಿನಲ್ಲಿ.

1942ರಲ್ಲಿ ಓನೀಲನು ಮೆರೀನ್ ದಳವನ್ನು ಸೇರಿ, ನಾಲ್ಕನೆಯ ಮೆರೀನ್ ಡಿವಿಷನ್ನಿನಲ್ಲಿ ಅಧಿಕಾರಿಯಾದನು. 1944ರ ಜೂನಿನಲ್ಲಿ ಸೈಪಾನ್ ದ್ವೀಪದಲ್ಲಿ ಗಾಯಗೊಂಡು, ಗುಣಹೊಂದಿ, ಮರಳಿ ತನ್ನ ದಳವನ್ನು ಕೂಡಿಕೊಂಡನು. ಸುಮಾರು 6,800 ಮಂದಿ ಅಮೆರಿಕನ್ನರು ಮಡಿದ ಇವೋ ಜಿಮಾ ಕದನದಲ್ಲಿ, 1945ರ ಮಾರ್ಚ್ 6ರಂದು, ಮರೆಯಿಂದ ಹಾರಿಸಿದ ಶತ್ರುವಿನ ಗುಂಡಿಗೆ ತುತ್ತಾದನು. ಆಗ ಅವನ ವಯಸ್ಸು 27. ದ್ವೀಪದಲ್ಲಿ ಹೂಳಲಾಗಿದ್ದ ಅವನ ದೇಹವನ್ನು 1947ರಲ್ಲಿ ಸ್ವದೇಶಕ್ಕೆ ತಂದು, ಪೆನ್ಸಿಲ್ವೇನಿಯಾದ ಡ್ರೆಕ್ಸೆಲ್ ಹಿಲ್ಲಿನಲ್ಲಿರುವ ಆರ್ಲಿಂಗ್ಟನ್ ಶ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಇದು ಅದೇ ಹೆಸರಿನ, ವರ್ಜೀನಿಯಾದಲ್ಲಿರುವ ರಾಷ್ಟ್ರೀಯ ಶ್ಮಶಾನದಿಂದ ಬೇರೆಯಾದುದು.

ಆದಕಾರಣ ಯುದ್ಧವು ಅಪಹರಿಸಿದುದು ಕ್ರೀಡಾವೃತ್ತಿಯನ್ನಲ್ಲ, ಒಬ್ಬ ಅಧ್ಯಾಪಕನ ಪ್ರಾಣವನ್ನು. ದಾಖಲೆಯ ಪಟ್ಟಿಯಲ್ಲಿ ಓನೀಲನ ಹೆಸರಿನ ಮುಂದೆ ಒಂದು ಪಂದ್ಯವೂ ಸೊನ್ನೆಗಳೂ ಇವೆ. ಆ ಸೊನ್ನೆಗಳನ್ನು ವೈಫಲ್ಯವೆಂದಾಗಲಿ ಯುದ್ಧದ ಫಲವೆಂದಾಗಲಿ ಓದುವುದು ಯುಕ್ತವಲ್ಲ. ದಾಂಡು ಅವನ ಕೈಗೆ ಬರಲಿಲ್ಲವೆಂಬುದಷ್ಟೇ ಅವುಗಳ ಅರ್ಥ.