ಬಾಲ್ಯದ ಆಘಾತ, ಚಿತ್ತವಿಕಲತೆ ಮತ್ತು ದೇಹಾರೋಗ್ಯ

ಇಲ್ಲದ ದನಿ ಕೇಳಿಸುವುದು, ಬುಡವಿಲ್ಲದ ಸಂಶಯ ಬೇರೂರುವುದು ಚಿತ್ತವಿಕಲತೆಯ ಮುಖ್ಯ ಲಕ್ಷಣಗಳು. ವೈದ್ಯರು ಇದನ್ನು ಸೈಕೋಸಿಸ್ ಎನ್ನುತ್ತಾರೆ; ಧಾರವಾಡ ಸೀಮೆಯ ಊರುಗಳಲ್ಲಿ ‘ತಲಿ ಕೆಟ್ಟೈತಿ’, ‘ಗಾಳಿ ಬಡದೈತಿ’ ಎಂಬ ಮಾತಿದೆ. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ ಉಂಡವರಲ್ಲಿ ಈ ಕಾಯಿಲೆ ಹೆಚ್ಚು. ಇದು ಇರುವವರು ಸಕ್ಕರೆ ಕಾಯಿಲೆ, ಹೃದ್ರೋಗಗಳಂಥ ಕಾರಣಗಳಿಂದ ಉಳಿದವರಿಗಿಂತ ಸರಾಸರಿ ಹತ್ತು-ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ. ಬಾಲ್ಯ, ಮನಸ್ಸು, ದೇಹ ಈ ಮೂರನ್ನೂ ಒಟ್ಟಿಗೆ ನೋಡುವ ರೂಢಿ ಬಂದದ್ದು ಮಾತ್ರ ತೀರ ತಡವಾಗಿ.

ಕುಂದಗೋಳ ತಾಲ್ಲೂಕಿನ ಗುಡಗೇರಿಯಂಥ ಊರಿನವರಿಗೆ ಈ ಚರಿತ್ರೆ ಧಾರವಾಡದಿಂದ ಶುರುವಾಗುತ್ತದೆ. ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಮುಂದೆ ಹೋದರೆ ಸಿಗುವ ಮಾನಸಿಕ ಆಸ್ಪತ್ರೆ 1845ರಲ್ಲಿ ಮುಂಬಯಿ ಪ್ರಾಂತದ ಹುಚ್ಚರ ಆಶ್ರಯವಾಗಿ ಆರಂಭವಾಯಿತು. ಮೈಸೂರು ಸೀಮೆಯಲ್ಲಿ ಬೆಂಗಳೂರಿನ ಆಶ್ರಯವೂ ಅದೇ ದಶಕದ್ದು. ಆ ಕಾಲದ ಆಶ್ರಯಗಳ ವಾರ್ಷಿಕ ವರದಿಗಳಲ್ಲಿ ಹುಚ್ಚಿಗೆ ಕಾರಣಗಳ ಪಟ್ಟಿ ಇರುತ್ತಿತ್ತು: ಗಾಂಜಾ, ಜ್ವರ, ಶೋಕ, ವಂಶಪಾರಂಪರ್ಯ. ಎಷ್ಟು ಮಂದಿ ಯಾವ ರೋಗದಿಂದ ಸತ್ತರು ಎಂಬ ಲೆಕ್ಕವೂ ಇತ್ತು. ಅಂದರೆ ದೇಹವನ್ನು ಬ್ರಿಟಿಷ್ ದೊರೆಗಳು ಮರೆತಿರಲಿಲ್ಲ. ಕೇಳದೆ ಬಿಟ್ಟದ್ದು ಬಾಲ್ಯವನ್ನು. ಮನೆಯಲ್ಲಿ ಮಗುವಿಗೆ ಏನಾಗಿತ್ತು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಹುಚ್ಚಿಗೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂಬ ಅನುಮಾನ ಹಳೆಯದೇ. ಇಂಗ್ಲೆಂಡಿನ ಮನೋವೈದ್ಯ ಹೆನ್ರಿ ಮಾಡ್ಸ್‌ಲಿ 1879ರಲ್ಲೇ ಈ ಎರಡೂ ಒಂದೇ ಮನೆತನಗಳಲ್ಲಿ ಕಾಣುತ್ತವೆ ಎಂದಿದ್ದ. 1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ಬಂದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು, ಸರಪಳಿ ಸಡಿಲಾಯಿತು. 1990ರ ದಶಕದಲ್ಲಿ ಬಂದ ಒಲಾಂಜಪಿನ್‌ನಂಥ ಮಾತ್ರೆಗಳು ದನಿಗಳನ್ನು ತಗ್ಗಿಸಿದವು, ತೂಕವನ್ನೂ ಸಕ್ಕರೆಯನ್ನೂ ಏರಿಸಿದವು. ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟುವುದು ಅಲ್ಲಿಂದ ವಾಡಿಕೆಯಾಯಿತು. ಅದು ಅರ್ಧ ಸತ್ಯ. ಮಾತ್ರೆ ತೆಗೆದುಕೊಳ್ಳದವರ ಪಾಡು ಇನ್ನೂ ಕಷ್ಟ: ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ವೈದ್ಯರು 2005ರಿಂದ ನಡೆಸಿದ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಳ್ಳುವ ಸ್ಕಿಜೋಫ್ರೀನಿಯಾ (ಚಿತ್ತವಿಕಲತೆಯ ಒಂದು ಬಗೆ) ರೋಗಿಗಳು ತೆಗೆದುಕೊಳ್ಳದವರಿಗಿಂತ ದಿನದ ಬದುಕನ್ನು ಚೆನ್ನಾಗಿ ನಿಭಾಯಿಸುತ್ತಿದ್ದದ್ದು ಕಂಡುಬಂತು.

ಬಾಲ್ಯ ಈ ಚಿತ್ರಕ್ಕೆ ಬಂದದ್ದು ಅಡ್ಡದಾರಿಯಿಂದ, ತೂಕ ಇಳಿಸುವ ಚಿಕಿತ್ಸಾಲಯವೊಂದರಿಂದ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯ, ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ನಡುವೆ ಬಿಟ್ಟುಹೋಗುವುದನ್ನು ಕಂಡು ಕಾರಣ ಕೆದಕಿದ. ಅನೇಕರು ಬಾಲ್ಯದ ಲೈಂಗಿಕ ದೌರ್ಜನ್ಯದ ಮಾತು ತೆಗೆದರು. ರಾಬರ್ಟ್ ಅಂಡಾ ಜೊತೆ 1998ರಲ್ಲಿ ಆತ ಪ್ರಕಟಿಸಿದ ಅಧ್ಯಯನ, ಬಾಲ್ಯದ ಕಷ್ಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಬೊಜ್ಜು, ಖಿನ್ನತೆ ಹೆಚ್ಚುವುದನ್ನು ತೋರಿಸಿತು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಹುಟ್ಟಿದಂದಿನಿಂದ ಸಾವಿರ ಜನರ ಬೆನ್ನುಹತ್ತಿದ ಸಂಶೋಧಕರು 2007ರಲ್ಲಿ ಇನ್ನೊಂದು ಎಳೆ ಸೇರಿಸಿದರು: ಚಿಕ್ಕಂದಿನಲ್ಲಿ ಹಿಂಸೆ ಕಂಡವರ ರಕ್ತದಲ್ಲಿ ಉರಿಯೂತದ ಗುರುತುಗಳು ಮೂವತ್ತರ ಪ್ರಾಯದಲ್ಲೂ ಹೆಚ್ಚಿದ್ದವು. 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಬಾಲ್ಯದ ಆಘಾತ ಚಿತ್ತವಿಕಲತೆಯ ಸಂಭವವನ್ನು ಹತ್ತಿರ ಹತ್ತಿರ ಮೂರು ಪಟ್ಟು ಮಾಡುತ್ತದೆಂದು ಕಂಡುಬಂತು. ಅದೇ ವರ್ಷ ಲಂಡನ್ನಿನಲ್ಲಿ, ಕಾಯಿಲೆ ಮೊದಲ ಸಲ ಕಾಣಿಸಿಕೊಂಡವರ ಪೈಕಿ ಬಾಲ್ಯದಲ್ಲಿ ಹಿಂಸೆ ಉಂಡವರಿಗೆ ತೂಕವೂ ಉರಿಯೂತವೂ ಹೆಚ್ಚು ಇರುವುದು ತಿಳಿಯಿತು. ಹಾಗೆಂದು ಚಿತ್ತವಿಕಲತೆ ಬಂದವರೆಲ್ಲ ಮನೆಯವರಿಂದ ನೊಂದವರೆಂದು ತಿಳಿಯಬಾರದು. ಆಘಾತ ಹಲವು ಕಾರಣಗಳಲ್ಲಿ ಒಂದು.

ನಮ್ಮಲ್ಲಿ ಕೇಳುವವರು ಇರಲಿಲ್ಲವೆಂದಲ್ಲ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ಅಲ್ಲಿ ದಾಖಲಾಗಿದ್ದ 146 ಮಹಿಳೆಯರನ್ನು ಮಾತನಾಡಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಮಂದಿ ಲೈಂಗಿಕ ಬಲಾತ್ಕಾರ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ 30 ಮಂದಿ ಅದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅದು ಬಾಲ್ಯಕ್ಕಷ್ಟೇ ಸೀಮಿತವಾದ ಅಧ್ಯಯನವಲ್ಲ. ಆದರೂ ಕೇಳಿದರೆ ಹೇಳುತ್ತಾರೆ ಎಂಬುದನ್ನು ತೋರಿಸಿತು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಮಕ್ಕಳ ಮೇಲಿನ ದೌರ್ಜನ್ಯದ ವರದಿಯಲ್ಲಿ ಪ್ರತಿ ಮೂವರಲ್ಲಿ ಇಬ್ಬರು ಮಕ್ಕಳು ಹೊಡೆತ ತಿಂದವರು. 13 ರಾಜ್ಯಗಳ ಆ ಸಮೀಕ್ಷೆಯಲ್ಲಿ ಕರ್ನಾಟಕ ಸೇರಿರಲಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ.

ಹಳ್ಳಿಗೆ ಚಿಕಿತ್ಸೆ ಒಯ್ಯುವುದರಲ್ಲಿ ಮಾತ್ರ ಕರ್ನಾಟಕ ಮುಂದಿತ್ತು. 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿತರು. ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಧಾರವಾಡದ ಆಸ್ಪತ್ರೆ 2009ರಲ್ಲಿ ಡಿಮ್ಹಾನ್ಸ್ ಎಂಬ ಸ್ವಾಯತ್ತ ಸಂಸ್ಥೆಯಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ದೇಹದ ರೋಗಿಗೂ ಮನಸ್ಸಿನ ರೋಗಿಗೂ ಸಮಾನ ಆರೈಕೆ ಸಿಗಬೇಕೆಂದು ಹೇಳುತ್ತದೆ.

ಆದರೂ ಒಂದು ಕಂಡಿ ಉಳಿದಿದೆ. ಆಶಾ ಕಾರ್ಯಕರ್ತೆಯರ ಮೂಲಕ ಊರೂರಲ್ಲಿ ನಡೆಯುವ ಬಿ.ಪಿ., ಸಕ್ಕರೆ ತಪಾಸಣೆ 30 ವರ್ಷ ದಾಟಿದವರಿಗೆ. ಚಿತ್ತವಿಕಲತೆ ಸಾಮಾನ್ಯವಾಗಿ ಅದಕ್ಕೂ ಮೊದಲೇ, ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಹರೆಯದಲ್ಲೋ ಶುರುವಾಗುತ್ತದೆ. 24ನೇ ವಯಸ್ಸಿಗೆ ಒಲಾಂಜಪಿನ್ ನುಂಗುತ್ತಿರುವ ಹುಡುಗನ ಹೆಸರು ಆ ತಪಾಸಣೆಯ ಪಟ್ಟಿಗೆ ಬರುವುದೇ ಇಲ್ಲ. ಮನೆಯಲ್ಲಿ ಅಂಥವರು ಇದ್ದರೆ ಮಾತ್ರೆ ತರಲು ಹೋದಾಗ ತೂಕ, ಸೊಂಟದ ಸುತ್ತಳತೆ, ಬಿ.ಪಿ., ಸಕ್ಕರೆ ನೋಡಿಸಬೇಕೆಂದು ಕೇಳಿ ಬರೆಸಿಕೊಳ್ಳಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416, ಮಕ್ಕಳ ಸಹಾಯವಾಣಿಯದು 1098.